ಹಗ್ಗ ಎಳೆಯುವ ಮೊದಲು ಕೇಳಿ

ಹೋದ ಸಂಚಿಕೆಯಲ್ಲಿ ಕ್ಯಾನಿಯನಿಂಗ್, ಅಂದರೆ ಬಂಡೆ ಕೊರಕಲಿನಲ್ಲಿ ನೀರಿನ ದಾರಿಯಲ್ಲೇ ಇಳಿದು ಹೋಗುವ ಸಾಹಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಈ ಸಲ ಪತ್ರಗಳ ರಾಶಿ. ಬದಿಯಡ್ಕದ ಕಡೆ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದ ಟೀಚರಿಗೆ ನಿವೃತ್ತಿಯಾದ ಮೇಲೆ ಇದೆಂಥ ಹುಚ್ಚು ಎಂದು ಒಬ್ಬರು ಕೇಳಿದ್ದಾರೆ. ಅದಕ್ಕೆ ಉತ್ತರ ಇಲ್ಲ. ಉಳಿದವಕ್ಕೆ ಉಂಟು.

ಟೀಚರೇ, ನಾನು ಮುಳ್ಳೇರಿಯದವಳು. ಈಗ ಪುಣೆಯಲ್ಲಿ ಕೆಲಸ. ಆಫೀಸಿನವರು ಜನವರಿಯಲ್ಲಿ ಸಾಂಧಣ ಕಣಿವೆಗೆ ಹೊರಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಕ್ಯಾನಿಯನಿಂಗ್ ಅಂದರೆ ಜಲಪಾತದಲ್ಲಿ ಹಗ್ಗ ಹಿಡಿದು ಇಳಿಯುವುದು ತಾನೇ? ನನಗೆ ಎತ್ತರ ಅಂದರೆ ಕೈಕಾಲು ನಡುಗುತ್ತದೆ. ಹೋಗಬಹುದಾ?

ಹೋಗಬಹುದು ಮಗಾ. ಆದರೆ ಜಲಪಾತದಲ್ಲಿ ಇಳಿಯುವುದೇ ಕ್ಯಾನಿಯನಿಂಗ್ ಅಲ್ಲ. ಮಳೆಗಾಲದಲ್ಲಿ ಕಸಾರಾ ಹತ್ತಿರದ ವಿಹಿಗಾಂವ್ ಜಲಪಾತಕ್ಕೆ ಹೋಗಿ ಹಗ್ಗದಲ್ಲಿ ಇಳಿಯುತ್ತಾರಲ್ಲ, ಅದು ರಾಪೆಲಿಂಗ್. ಇಳಿದರು, ಬದಿಯ ದಾರಿಯಲ್ಲಿ ಹತ್ತಿ ಬಂದರು, ವಡಾಪಾವ್ ತಿಂದರು, ಮುಗಿಯಿತು. ಕ್ಯಾನಿಯನಿಂಗ್‌ನಲ್ಲಿ ನೀರು ಹೋಗುವ ದಾರಿಯಲ್ಲೇ ನಾವೂ ಹೋಗಬೇಕು. ಕೊರಕಲಿನ ಮೇಲಿನ ತುದಿಯಲ್ಲಿ ಒಳಗೆ ಹೋಗಿ ಕೆಳಗಿನ ತುದಿಯಲ್ಲಿ ಹೊರಗೆ ಬರಬೇಕು. ನಡುವೆ ನಡೆಯುವುದು, ಈಜುವುದು, ಬಂಡೆಯ ಮೇಲೆ ಜಾರುವುದು, ಕಯಕ್ಕೆ (ಆಳದ ನೀರಿನ ಗುಂಡಿಗೆ) ಹಾರುವುದು, ಬೇರೆ ದಾರಿ ಇಲ್ಲದ ಕಡೆ ಹಗ್ಗದಲ್ಲಿ ಇಳಿಯುವುದು, ಎಲ್ಲ ಉಂಟು.

ಒಂದು ಸಂಗತಿ ಚೆನ್ನಾಗಿ ನೆನಪಿಟ್ಟುಕೊ. ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುತ್ತಾರೆ. ಮುಂದಿನ ಇಳಿತಕ್ಕೂ ಅದೇ ಹಗ್ಗ ಬೇಕಲ್ಲ. ಹಗ್ಗ ಕೆಳಗೆ ಬಿತ್ತು ಎಂದರೆ ವಾಪಸ್ ದಾರಿ ಮುಚ್ಚಿತು. ಆಮೇಲೆ ಹೆದರಿಕೆಯಾದರೂ, ಕಾಲು ಉಳುಕಿದರೂ, ಮುಂದೆಯೇ ಹೋಗಬೇಕು. ನಡುವೆ ಹೊರಬರುವ ಜಾಗ ಕೆಲವು ಕೊರಕಲುಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಹಾಗಾಗಿ ನಿನ್ನ ಪ್ರಶ್ನೆಗಳೆಲ್ಲ ಹಗ್ಗ ಎಳೆಯುವ ಮೊದಲು ಮುಗಿದಿರಬೇಕು.

ಆ ಲೆಕ್ಕದಲ್ಲಿ ಸಾಂಧಣ ಮೊದಲ ಸಲಕ್ಕೆ ಒಳ್ಳೆಯ ಆಯ್ಕೆಯೇ. ಮಹಾರಾಷ್ಟ್ರದ ರತನಗಡ ಕೋಟೆಯ ಹತ್ತಿರ, ಸಾಮ್ರದ್ ಊರಿನಿಂದ ಶುರುವಾಗುವ ಇಕ್ಕಟ್ಟಾದ ಬಂಡೆ ಕೊರಕಲು ಅದು. ಮಳೆಗಾಲದಲ್ಲಿ ಒಳಗೆ ಹೋಗುವ ಹಾಗೇ ಇಲ್ಲ. ಚಳಿಗಾಲದಲ್ಲಿ ಹೆಚ್ಚಿನ ಭಾಗ ಒಣಗಿರುತ್ತದೆ, ನಡುವೆ ಸೊಂಟದ ಮಟ್ಟದ ನೀರು ದಾಟಬೇಕಾಗುತ್ತದೆ. ಹಗ್ಗದ ಇಳಿತ ಶುರುವಾಗುವ ಜಾಗದವರೆಗೆ ನಡೆದು, ಬಂದ ದಾರಿಯಲ್ಲೇ ಸಾಮ್ರದಿಗೆ ಮರಳುವವರೂ ತುಂಬಾ ಮಂದಿ. ನೀನೂ ಅಲ್ಲಿಯವರೆಗೆ ಹೋಗು. ಅಲ್ಲಿ ನಿಂತು ತೀರ್ಮಾನ ಮಾಡು. "ಬೇಡ" ಅನ್ನಿಸಿದರೆ ಬೇಡ. ಆಫೀಸಿನವರು ಸೋಮವಾರ ನಗಾಡಿದರೆ ನಗಾಡಲಿ.

ಎತ್ತರದ ಹೆದರಿಕೆ ದೊಡ್ಡ ವಿಷಯವಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದು ಅಂಚಿನಲ್ಲಿ ಹಿಂದಕ್ಕೆ ಕಾಲಿಡುವ ಆ ಒಂದು ಹೆಜ್ಜೆಯಲ್ಲಿ ಇರುತ್ತದೆ. ನಾವೆಲ್ಲ ಬಂಡೆಯನ್ನು ತಬ್ಬಿಕೊಳ್ಳಲು ನೋಡುತ್ತೇವೆ. ಹಾಗೆ ಮಾಡಿದರೆ ಕಾಲು ಜಾರಿ ಮೊಣಕಾಲು ತರಚುತ್ತದೆ. ಕುರ್ಚಿಯಲ್ಲಿ ಕೂತ ಹಾಗೆ ಹಾರ್ನೆಸ್‌ನಲ್ಲಿ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಕೂರಬೇಕು. ಕಾಲು ಭುಜದಷ್ಟು ಅಗಲ, ಪಾದ ಪೂರ್ತಿ ಬಂಡೆಗೆ, ಮೈ ಹಿಂದಕ್ಕೆ. ಹಗ್ಗ ಬಿಡುವ ಕೈ ಸೊಂಟದ ಕೆಳಗೆ. ಆ ಕೈಯನ್ನು ಮಾತ್ರ ಯಾವ ಕಾರಣಕ್ಕೂ ಹಗ್ಗದಿಂದ ತೆಗೆಯಬಾರದು. ಮೂಗು ತುರಿಸಿದರೂ ಇನ್ನೊಂದು ಕೈ ಉಂಟಲ್ಲ! ತಲೆ ಮೇಲೆ ನೀರು ಬಿದ್ದರೆ ಮುಖ ಎತ್ತಬೇಡ. ಗದ್ದ ಎದೆಗೆ ತಾಗಿಸು. ಹೆಲ್ಮೆಟ್ಟಿನ ಕೆಳಗೆ ಉಸಿರಾಡುವಷ್ಟು ಜಾಗ ಸಿಗುತ್ತದೆ.

ಎತ್ತರಕ್ಕಿಂತ ಚಳಿಗೆ ಜಾಸ್ತಿ ತಯಾರಾಗು. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈ ಬಿಸಿ ಎಳೆಯುತ್ತದೆ. ಕೊರಕಲಿನ ಒಳಗೆ ಬಿಸಿಲು ಬೀಳುವುದು ಕಡಿಮೆ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದೇ ಇಲ್ಲ, ಜೀನ್ಸ್ ಅಂತೂ ಮನೆಯಲ್ಲೇ ಇರಲಿ. ನೀರು ಜಾಸ್ತಿ ಇರುವ ಕೊರಕಲಾದರೆ ರಬ್ಬರಿನ ವೆಟ್‌ಸೂಟ್ ಕೊಡುತ್ತಾರಾ ಎಂದು ಮೊದಲೇ ಕೇಳು. ನಡುಕ ಬಂದರೆ, ಬೆರಳು ಹೇಳಿದ ಮಾತು ಕೇಳದಿದ್ದರೆ, ಗೈಡಿಗೆ ಆಗಲೇ ಹೇಳು. ತಡೆದುಕೊಳ್ಳಬೇಡ.

ನಮಸ್ಕಾರ ಟೀಚರ್. ನಾವು ಬಾಯಾರಿನ ಹುಡುಗರು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುತ್ತೇವೆ, ಮದ್ದು ಬಿಡುತ್ತೇವೆ, ಹಗ್ಗ ಹಿಡಿದು ಬಾವಿಗೂ ಇಳಿಯುತ್ತೇವೆ. ಮಳೆಗಾಲದಲ್ಲಿ ಇಲ್ಲೇ ಗುಡ್ಡದ ಅರ್ಬಿಯಲ್ಲಿ (ಜಲಪಾತದಲ್ಲಿ) ನಾವೇ ಹಗ್ಗ ಕಟ್ಟಿ ಇಳಿದರೆ ಆಗುವುದಿಲ್ಲವಾ? ಸುಮ್ನೆ ಸಾವಿರಗಟ್ಟಲೆ ಕೊಡುವುದೇಕೆ?

ಆಗುವುದಿಲ್ಲ ಮಕ್ಕಳೇ. ನಿಮ್ಮ ತೋಳಿನ ಬಲದ ಬಗ್ಗೆ ನನಗೆ ಸಂಶಯ ಇಲ್ಲ. ಕಷ್ಟ ಇರುವುದೇ ಅಲ್ಲಿ. ಬಲ ಇದ್ದವರು ಹಗ್ಗವನ್ನು ಕೈಯಲ್ಲಿ ಹಿಡಿದು ನೇತಾಡುತ್ತಾರೆ. ಇಲ್ಲಿ ಭಾರ ಹೊರುವುದು ಹಾರ್ನೆಸ್ ಮತ್ತು ಎಂಟರ ಆಕಾರದ ಲೋಹದ ಬಳೆ. ಹಗ್ಗ ಅದರೊಳಗೆ ಉಜ್ಜಿಕೊಂಡು ಹೋಗುವುದರಿಂದ ವೇಗ ಕಡಿಮೆಯಾಗುತ್ತದೆ. ಕೈಯ ಕೆಲಸ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುವುದು, ಅಷ್ಟೇ.

ಮತ್ತೆ, ಬಾವಿಯಲ್ಲಿ ನೀರು ಕೆಳಗೆ ಸುಮ್ಮನೆ ನಿಂತಿರುತ್ತದೆ. ಅರ್ಬಿಯ ನೀರು ನಿಮ್ಮನ್ನು ತಳ್ಳುತ್ತದೆ. ಒಣ ಬಂಡೆಯಲ್ಲಿ ಇಳಿಯುವವರು ಹಗ್ಗದ ತುದಿಗೆ ಗಂಟು ಹಾಕುತ್ತಾರೆ, ಜಾರಿ ಹೊರಗೆ ಹೋಗದಿರಲಿ ಎಂದು. ಕೆಳಗೆ ರಭಸದ ಕಯ ಇದ್ದಲ್ಲಿ ಅದೇ ಗಂಟು ಜೀವ ತೆಗೆಯಬಹುದು. ಬಳೆ ಗಂಟಿಗೆ ಸಿಕ್ಕಿಕೊಂಡರೆ ಬೀಳುವ ನೀರಿನ ಅಡಿಯಲ್ಲೇ ನಿಲ್ಲಬೇಕಾಗುತ್ತದೆ. ಅದಕ್ಕೇ ಅಲ್ಲಿ ಹಗ್ಗವನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಅಳೆದು ಬಿಡುತ್ತಾರೆ, ತುದಿಗೆ ಗಂಟಿಲ್ಲದೆ. ಇಳಿದವರು ತೇಲುತ್ತಾ ಹಗ್ಗದಿಂದ ಹೊರಗೆ ಬರುತ್ತಾರೆ. ಇನ್ನೂ ಒಂದು. ಕಲಿತ ಗೈಡ್ ಮೇಲೆ ಹಗ್ಗವನ್ನು ಬಿಚ್ಚಲು ಬರುವ ಹಾಗೆ ಕಟ್ಟಿರುತ್ತಾನೆ. ನಡುವೆ ನಿಮ್ಮ ಅಂಗಿಯೋ ಕೂದಲೋ ಬಳೆಗೆ ಸಿಕ್ಕಿ ನಿಂತರೆ, ಮೇಲಿನಿಂದ ಹಗ್ಗ ಬಿಟ್ಟು ನಿಮ್ಮನ್ನು ಕೆಳಗಿಳಿಸುತ್ತಾನೆ. ನೀವು ಮರಕ್ಕೆ ಬಿಗಿದು ಕಟ್ಟಿದ ಹಗ್ಗದಲ್ಲಿ ಇದು ಆಗುವುದಿಲ್ಲ. ನೀವು ಹಣ ಕೊಡುವುದು ಇದಕ್ಕೆ.

ಇನ್ನು ಮಳೆಗಾಲದ ಮಾತು. ಇದನ್ನು ನಮ್ಮೂರಿನವರಿಗೆ ನಾನು ಹೇಳಬೇಕಾ? ಪಯಸ್ವಿನಿ ಹುಟ್ಟುವುದು ಕೊಡಗಿನ ಗುಡ್ಡದಲ್ಲಿ. ಅಲ್ಲಿ ಮಳೆ ಹೊಡೆದರೆ ಕಾಸರಗೋಡಿನಲ್ಲಿ ಬಿಸಿಲಿದ್ದರೂ ಅದು ಸೇರುವ ಚಂದ್ರಗಿರಿ ಹೊಳೆ ಕೆಂಪಾಗಿ ಬರುತ್ತದೆ. ಇಕ್ಕಟ್ಟಿನ ಕೊರಕಲಿನಲ್ಲಿ ಅದೇ ನೀರಿಗೆ ಹರಡಲು ಜಾಗ ಇಲ್ಲ. ನಿಮಿಷಗಳಲ್ಲಿ ಏರುತ್ತದೆ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಹತ್ತಿರ ಸಾಕ್ಸೆಟ್‌ಬಾಖ್ ಎಂಬ ತೊರೆಯಲ್ಲಿ ಹೀಗೇ ಆಯಿತು. ಗುಡುಗು ಮಳೆಗೆ ಬಂದ ನೀರಿನಲ್ಲಿ 21 ಜನ ಜೀವ ಕಳೆದುಕೊಂಡರು. ಅವರ ಜೊತೆ ಗೈಡುಗಳಿದ್ದರು, ಹೆಲ್ಮೆಟ್ ಇತ್ತು, ವೆಟ್‌ಸೂಟ್ ಇತ್ತು.

ಹವಾಮಾನ ಇಲಾಖೆ ಹಳದಿ ಎಚ್ಚರಿಕೆ ಕೊಟ್ಟರೆ 24 ಗಂಟೆಯಲ್ಲಿ 64.5 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಎಂದು ಅರ್ಥ. "ಹಳದಿ ಅಲ್ವಾ, ಶಾಲೆಗೂ ರಜೆ ಇಲ್ಲ" ಎನ್ನುತ್ತೇವೆ ನಾವು. ತೋಡಿಗೆ ಇಳಿಯುವವರಿಗೆ ಹಳದಿಯೂ ಕೆಂಪೇ. ನೋಡುವುದು ನಿಮ್ಮ ಊರಿನ ಎಚ್ಚರಿಕೆಯನ್ನಲ್ಲ, ನೀರು ಹುಟ್ಟುವ ಜಾಗದ್ದನ್ನು. ಒಳಗಿರುವಾಗ ನೀರು ಕದಡಿದರೆ, ತರಗೆಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ, ಓಡಬೇಕಾದ್ದು ಕೆಳಗೆ ಅಲ್ಲ, ಬದಿಗೆ ಮತ್ತು ಮೇಲೆ.

ಅಷ್ಟು ಆಸೆ ಇದ್ದರೆ ಬೇಸಗೆಯಲ್ಲಿ ಒಣ ಬಂಡೆಯ ಮೇಲೆ ರಾಪೆಲಿಂಗ್ ಕಲಿಯಿರಿ. ಬೆಂಗಳೂರಿನ ಜನರಲ್ ತಿಮ್ಮಯ್ಯ ಅಕಾಡೆಮಿಯಂಥವರು ಕಲಿಸುತ್ತಾರೆ. ಕೈಗೆ ಅಭ್ಯಾಸವಾದ ಮೇಲೆ ನೀರು.

ಮಗ ನೇಪಾಳಕ್ಕೆ ಹೋಗಿ ಕ್ಯಾನಿಯನಿಂಗ್ ಮಾಡುತ್ತಾನಂತೆ. ಅವನಿಗೆ ಈಜು ಬರುವುದಿಲ್ಲ. ನನಗೆ ರಾತ್ರಿ ನಿದ್ರೆ ಇಲ್ಲ. — ಕುಂಬಳೆಯ ಒಬ್ಬ ತಾಯಿ

ಅಕ್ಕಾ, ಈಜು ಬಾರದವರನ್ನೂ ಕೆಲವು ಸುಲಭದ ಕೊರಕಲುಗಳಿಗೆ ಲೈಫ್ ಜಾಕೆಟ್ ಹಾಕಿ ಕರೆದುಕೊಂಡು ಹೋಗುತ್ತಾರೆ. ಆದರೆ ಅದನ್ನು ಗೈಡಿಗೆ ಮೊದಲೇ ಹೇಳಿರಬೇಕು. ಗಂಡು ಮಕ್ಕಳು ಹೇಳುವುದಿಲ್ಲ, ಮರ್ಯಾದೆ ಪ್ರಶ್ನೆ! ಹೊರಡುವ ಮೊದಲು ಒಂದೆರಡು ತಿಂಗಳು ಈಜುಕೊಳಕ್ಕೆ ಕಳಿಸಿ. ಮುಖ ನೀರಿಗೆ ಹಾಕಿದಾಗ ಗಾಬರಿಯಾಗದಿದ್ದರೆ ಅರ್ಧ ಕೆಲಸ ಮುಗಿಯಿತು. ಇನ್ನೂ ಒಂದು, ಹಲವು ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಯ ಗಾಯಕ್ಕೆ ಹಣ ಸಿಗುವುದಿಲ್ಲ. ಕಾಗದ ಓದಿಸಿ.

ನನಗೆ 52. ಮೊಣಕಾಲು ಸ್ವಲ್ಪ ನೋವು. ಎತ್ತರದಿಂದ ಹಾರಲೇಬೇಕಾ? — ನೀರ್ಚಾಲು

ಬೇಕಿಲ್ಲ. ಮೊದಲ ಸಲ ಹೋಗುವವರು ಹಾರಲೇಬೇಕು ಎಂದು ಒತ್ತಾಯ ಮಾಡುವ ಗೈಡ್ ಇದ್ದರೆ ಅವನ ಜೊತೆ ಹೋಗಬೇಡಿ. ಹಾರುವ ಜಾಗದಲ್ಲಿ ಹೆಚ್ಚಿನ ಕಡೆ ಹಗ್ಗದಲ್ಲಿ ಇಳಿಸುವುದಕ್ಕೂ ಆಗುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ. ಈ ಆಟದಲ್ಲಿ ಗಾಯವಾಗುವುದು ಹೆಚ್ಚಾಗಿ ಕಾಲಿಗೆ. ಮನಸ್ಸಾಗಿ ಹಾರುವುದಾದರೆ ಕಾಲು ಜೋಡಿಸಿ, ಮೊಣಕಾಲು ತುಸು ಬಗ್ಗಿಸಿ, ಕೈ ಮೈಗೆ ಒತ್ತಿಕೊಳ್ಳಿ. ತಲೆ ಮುಂದೆ ಮಾಡಿ ಧುಮುಕುವುದು ಬೇಡವೇ ಬೇಡ. ಗೈಡ್ ಅದೇ ದಿನ ಕಯದೊಳಗೆ ಇಳಿದು ನೋಡಿದ್ದಾನಾ ಎಂದು ಕೇಳಿ. ಹೋದ ವರ್ಷ ಆಳ ಇತ್ತು ಎಂದರೆ ಪ್ರಯೋಜನ ಇಲ್ಲ, ಒಂದು ಮಳೆಗಾಲದಲ್ಲಿ ಬಂಡೆ ಉರುಳಿ ಬಂದು ಕೂತಿರಬಹುದು.

ಒಳ್ಳೆಯ ಗೈಡ್ ಎಂದು ಗೊತ್ತಾಗುವುದು ಹೇಗೆ?

ಕೇರಳದಲ್ಲಾದರೆ ಕೇರಳ ಅಡ್ವೆಂಚರ್ ಟೂರಿಸಂ ಪ್ರಮೋಷನ್ ಸೊಸೈಟಿಯ ನೋಂದಣಿ ಉಂಟಾ ಕೇಳಿ. ಕಾಗದಕ್ಕಿಂತ ಮುಖ್ಯ, ಅವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಎನ್ನುವುದು. ಆರೋಗ್ಯ, ಈಜು, ಹಿಂದಿನ ಅನುಭವ ಏನೂ ಕೇಳದೆ ಗೂಗಲ್ ಪೇ ನಂಬರ್ ಕೊಟ್ಟರೆ ಬಿಟ್ಟುಬಿಡಿ. ಮೇಲೆ ಅಣೆಕಟ್ಟು ಇದೆಯಾ, ನಡುವೆ ಹೊರಬರುವ ದಾರಿ ಎಲ್ಲಿದೆ, ಹೆಚ್ಚುವರಿ ಹಗ್ಗ ಇದೆಯಾ, ಸಂಜೆಯೊಳಗೆ ನಾವು ಬಾರದಿದ್ದರೆ ಹೊರಗೆ ಯಾರಿಗೆ ಗೊತ್ತಾಗುತ್ತದೆ ಎಂದು ನೀವೂ ಕೇಳಿ. ಮಳೆಯಿಂದ ಕೊನೆಯ ಹೊತ್ತಿಗೆ ಯಾವತ್ತಾದರೂ ರದ್ದು ಮಾಡಿದ್ದೀರಾ ಎಂದೂ ಕೇಳಿ. "ಇಲ್ಲವೇ ಇಲ್ಲ" ಎಂದು ಹೆಮ್ಮೆಯಿಂದ ಹೇಳುವವರು ನನಗೆ ಬೇಡ.

ಕನ್ನಡಕ ಹಾಕುತ್ತೇನೆ, ಉದ್ದ ಜಡೆ ಇದೆ. ಮುಟ್ಟಿನ ದಿನವೇ ಬಂದರೆ ಏನು ಮಾಡುವುದು? ಹೆಸರು ಹಾಕಬೇಡಿ.

ಕನ್ನಡಕಕ್ಕೆ ತಲೆಯ ಹಿಂದೆ ಕಟ್ಟುವ ಪಟ್ಟಿ ಸಿಗುತ್ತದೆ. ಜಡೆಯನ್ನು ಸುತ್ತಿ ಹೆಲ್ಮೆಟ್ ಒಳಗೆ ಅಥವಾ ಅಂಗಿಯ ಒಳಗೆ ಹಾಕು, ಶಾಲು ದುಪಟ್ಟಾ ಬೇಡ. ಮುಟ್ಟಾದರೆ ಮುಟ್ಟಿನ ಕಪ್ ಅಭ್ಯಾಸ ಇದ್ದವರು ಧೈರ್ಯವಾಗಿ ಹೋಗಬಹುದು. ಪ್ಯಾಡ್ ನೀರಿನಲ್ಲಿ ಆಗುವುದಿಲ್ಲ, ಒಳಗೆ ಹೋದ ಮೇಲೆ ಗಂಟೆಗಟ್ಟಲೆ ಬದಲಿಸಲು ಜಾಗವೂ ಸಿಗುವುದಿಲ್ಲ. ಕಪ್ಪನ್ನು ಮೊದಲ ಸಲ ಅದೇ ದಿನ ಪ್ರಯೋಗ ಮಾಡಬೇಡ, ತಾರೀಕು ಬದಲಿಸು. ಕಾಲಲ್ಲಿ ಗಾಯ ಇದ್ದರೂ ತಾರೀಕು ಮುಂದೆ ಹಾಕು, ಇಲಿ ಜ್ವರ ಅಂಥ ಗಾಯದಿಂದ ಬರಬಹುದು. ಬಂದ ಮೇಲೆ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ, ಮೀನಖಂಡದ ನೋವು ಕಂಡರೆ ಡಾಕ್ಟರಿಗೆ ನೀರಿಗೆ ಇಳಿದದ್ದನ್ನೂ ಹೇಳು.