ಪ್ರತಿಕ್ರಿಯೆ: ಟೆಲಿಗ್ರಾಂನಲ್ಲಿ 399ಕ್ಕೆ ಒಂದು ವರ್ಷದ ಯೂಟ್ಯೂಬ್ ಪ್ರೀಮಿಯಂ ತಗೋಬಹುದಾ?

ಬೇಡ ಸರ್. ಅದರಲ್ಲೂ ಅದನ್ನು ಮಾರೋ ಆತ ಜಿಮೇಲ್ ಪಾಸ್‌ವರ್ಡ್ ಮತ್ತು ಒಟಿಪಿ ಕೇಳಿದ್ದಾನೆ ಅಂತ ಬರೆದಿದ್ದೀರಲ್ಲ, ಮಾತು ಅಲ್ಲಿಗೇ ಮುಗೀತು. ಅದನ್ನು ಕೊಟ್ಟರೆ ನಿಮ್ಮ ಫೋಟೋ, ಡ್ರೈವ್, ಬ್ಯಾಂಕಿನ ಮೇಲ್ ಎಲ್ಲ ಅವನ ಕೈಯಲ್ಲಿ.

"ಪಾಸ್‌ವರ್ಡ್ ಬೇಡ, ಇನ್ವೈಟ್ ಲಿಂಕ್ ಕಳಿಸ್ತೀನಿ" ಅನ್ನೋರೂ ಇದ್ದಾರೆ. ಇವರು ಮಾರೋದು ಸಾಮಾನ್ಯವಾಗಿ ಫ್ಯಾಮಿಲಿ ಪ್ಲಾನಿನ ಒಂದು ಸೀಟು. ಒಂದೇ ಮನೆಯಲ್ಲಿರೋ ಆರು ಜನಕ್ಕೆ ಅಂತ ಇರೋ ಪ್ಲಾನ್ ಅದು. ಗುರುತು ಪರಿಚಯ ಇಲ್ಲದ ಐದು ಜನರ ಜೊತೆ ನೀವೂ 'ಕುಟುಂಬ' ಆಗ್ತೀರಿ, ನಿಮ್ಮ ಹೆಸರು, ಫೋಟೋ, ಮೇಲ್ ಐಡಿ ಅವರಿಗೆಲ್ಲ ಕಾಣುತ್ತೆ. ಆತ ಒಂದು ತಿಂಗಳು ದುಡ್ಡು ಕಟ್ಟದಿದ್ದರೆ, ಅಥವಾ ಕಟ್ಟಿದ ಕಾರ್ಡ್ ಕದ್ದದ್ದಾಗಿದ್ದರೆ, ಪ್ರೀಮಿಯಂ ಹೋಯ್ತು. ಇನ್ನೊಂದು ತಲೆನೋವು ಯಾರೂ ಹೇಳಲ್ಲ: ಗೂಗಲ್‌ನಲ್ಲಿ ಫ್ಯಾಮಿಲಿ ಗ್ರೂಪ್ ಬದಲಾಯಿಸೋಕೆ 12 ತಿಂಗಳಿಗೆ ಒಂದೇ ಸಲ ಅವಕಾಶ. ನಾಳೆ ನಿಮ್ಮ ಅಣ್ಣನೇ ನಿಜವಾದ ಫ್ಯಾಮಿಲಿ ಪ್ಲಾನ್ ತಗೊಂಡು ಕರೆದರೂ ಸೇರೋಕಾಗದೆ ಕೂರಬೇಕಾಗಬಹುದು.

"ವಾರಂಟಿ ಇದೆ ಬ್ರೋ" ಅನ್ನೋ ಸ್ಕ್ರೀನ್‌ಶಾಟ್ ನಂಬಬೇಡಿ. ಚಾನೆಲ್ ಡಿಲೀಟ್ ಆದಮೇಲೆ ವಾರಂಟಿ ಯಾರ ಹತ್ರ ಕೇಳ್ತೀರಿ?

ನಿಮ್ಮ ಗೆಳೆಯರು ಆಗಲೇ ಪಾಸ್‌ವರ್ಡ್ ಕೊಟ್ಟಾಗಿದೆ ಅಂದಿರಲ್ಲ, ಅವರಿಗೆ ಇವತ್ತೇ ಹೇಳಿ: ಪಾಸ್‌ವರ್ಡ್ ಬದಲಿಸಲಿ, ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ಗೊತ್ತಿಲ್ಲದ ಡಿವೈಸ್‌ಗಳನ್ನೆಲ್ಲ ಸೈನ್ ಔಟ್ ಮಾಡಲಿ, ರಿಕವರಿ ನಂಬರ್ ತಮ್ಮದೇ ಇದೆಯಾ ನೋಡಲಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ (ಬಂದ ಮೇಲ್ ತಾನಾಗೇ ಬೇರೆಯವರ ಐಡಿಗೆ ಹೋಗೋದು) ಆನ್ ಆಗಿದೆಯಾ ಅನ್ನೋದನ್ನೂ. ಇದನ್ನು ಬಹಳ ಜನ ಮರೀತಾರೆ. ಯುಪಿಐನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.