ಉತ್ತರ ಹೇಳಲೇಬೇಕಾದವರ ಮುಂದೆ ಹೋಗಿ ನಿಲ್ಲಿ

ರಾಣೇಬೆನ್ನೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

"ತಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ವಿಶ್ವವಿದ್ಯಾಲಯಗಳ ಮುಂಬರುವ ವಿಜ್ಞಾನ ಕಾರ್ಯಕ್ರಮಗಳ ಪಟ್ಟಿ ಬರುತ್ತದೆ. ಅದನ್ನು ನಂಬಿ, ಪಿಯುಸಿ ವಿಜ್ಞಾನ ಓದುತ್ತಿರುವ ಮೊಮ್ಮಗಳನ್ನು ಕರೆದುಕೊಂಡು ಒಂದು ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಹೋದೆ. ಹತ್ತಕ್ಕೆ ಎಂದಿದ್ದ ಉದ್ಘಾಟನೆ ಹನ್ನೊಂದೂವರೆಗೆ ಶುರುವಾಯಿತು. ದೀಪ, ಹಾರ, ಶಾಲು, ಸ್ಮರಣಿಕೆ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಆಮೇಲೆ ಪರದೆಯ ಮೇಲೆ ಓಡಿದ ಇಂಗ್ಲಿಷ್ ಸಾಲುಗಳಲ್ಲಿ ನನಗೆ ತಿಳಿದದ್ದು ಅಷ್ಟಕ್ಕಷ್ಟೆ, ಅವಳಿಗೆ ಅದೂ ಇಲ್ಲ. 'ಅಜ್ಜಾ, ಇದನ್ನೆಲ್ಲ ಯಾರಿಗೋಸ್ಕರ ಮಾಡುತ್ತಾರೆ?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ತಾವು ಹೇಳಿ. ಆಗದಿದ್ದರೆ ಆ ಜಾಗದಲ್ಲಿ ಕೈತೋಟದ ಬಗ್ಗೆಯಾದರೂ ಬರೆಸಿ."

ಗುರುಗಳೇ, ನಮಸ್ಕಾರ.

ಕೈತೋಟದ ಬಗ್ಗೆ ಬರೆಸುತ್ತೇವೆ, ಆದರೆ ಈ ಪಟ್ಟಿಯನ್ನು ಕಿತ್ತುಹಾಕಿ ಅಲ್ಲ. ತಮ್ಮ ಮೊಮ್ಮಗಳ ಪ್ರಶ್ನೆ ಇದೆಯಲ್ಲ, ಅದು ಆ ದಿನ ವೇದಿಕೆಯಿಂದ ಕೇಳಿಬಂದ ಎಲ್ಲ ಮಾತಿಗಿಂತ ತೂಕದ್ದು. ಅದಕ್ಕೆ ಮುಲಾಜಿಲ್ಲದೆ ಉತ್ತರ ಹೇಳುತ್ತೇನೆ. ತಾವು ಕುಳಿತಿದ್ದ ಸಂಕಿರಣದ ಬೆಳಗಿನ ಅರ್ಧ, ಅದನ್ನು ಏರ್ಪಡಿಸಿದವರಿಗೋಸ್ಕರ. ಮಧ್ಯಾಹ್ನದ ಅರ್ಧ, ಅಲ್ಲಿ ಪ್ರಬಂಧ ಓದಿದವರಿಗೋಸ್ಕರ. ಸಂಕಿರಣ ನಡೆಸಿದರೆ, ಅದರಲ್ಲಿ ಪ್ರಬಂಧ ಮಂಡಿಸಿದರೆ, ಅಧ್ಯಾಪಕರ ಬಡ್ತಿಯ ಲೆಕ್ಕಕ್ಕೆ ಅಂಕ ಸೇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಕಾಲಕ್ಕೆ ಇಂಥವುಗಳ ಸುಗ್ಗಿ ನೋಡಬೇಕು! ಸಭಾಂಗಣದಲ್ಲಿ ಕೂತವರಲ್ಲಿ ಎಷ್ಟೋ ಜನ ಸಂಜೆಯ ಪ್ರಮಾಣಪತ್ರಕ್ಕಾಗಿ ಕಾಯುತ್ತಿರುತ್ತಾರೆ. ಹಾಗೆಂದು ಎಲ್ಲವೂ ಕಾಟಾಚಾರವೆಂದು ತಳ್ಳಿಹಾಕುವಂತಿಲ್ಲ. ಅದೇ ಕಟ್ಟಡದಲ್ಲಿ, ಬಹುಶಃ ಅದೇ ದಿನ, ತಮ್ಮಿಬ್ಬರಿಗೂ ಬೇಕಾದದ್ದು ನಡೆಯುತ್ತಿತ್ತು. ಅದು ವೇದಿಕೆಯ ಮೇಲಿರಲಿಲ್ಲ, ಅಷ್ಟೆ.

ಇಂಥ ಕಾರ್ಯಕ್ರಮಗಳನ್ನು ಆರಿಸಿಕೊಳ್ಳಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಸಂಶೋಧಕ ಎದುರಿಗಿದ್ದವರಿಗೆ ಉತ್ತರ ಹೇಳಲೇಬೇಕಾದ ಜಾಗ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಅವನು ಮಾತಾಡಿ, ಚಪ್ಪಾಳೆ ಹೊಡೆಸಿಕೊಂಡು ಇಳಿದುಹೋಗಬಹುದಾದ ಕಡೆಗೆ ಬಸ್ಸಿನ ಖರ್ಚು ದಂಡ.

ಸಂಕಿರಣದ ಆಮಂತ್ರಣವನ್ನೇ ತೆಗೆದುಕೊಳ್ಳಿ. ಅದರ ತುದಿಯಲ್ಲಿ, ಊಟದ ಸಮಯದ ಕೆಳಗೆ, ಚಿಕ್ಕ ಅಕ್ಷರದಲ್ಲಿ 'ಪೋಸ್ಟರ್ ಪ್ರಸ್ತುತಿ' ಎಂದು ಇರುತ್ತದೆ. ಗಣ್ಯರ ಹೆಸರುಗಳ ಭಾರದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಹಲಗೆಗಳನ್ನು ನಿಲ್ಲಿಸಿ, ಒಂದೊಂದರ ಮೇಲೂ ಒಬ್ಬೊಬ್ಬರ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಅಂಟಿಸಿರುತ್ತಾರೆ. ಪಕ್ಕದಲ್ಲಿ ಅದನ್ನು ಮಾಡಿದ ಹುಡುಗನೋ ಹುಡುಗಿಯೋ ನಿಂತಿರಬೇಕು, ಅದು ನಿಯಮ. ಚಹಾದ ಲೋಟ ಹಿಡಿದ ಹಿರಿಯರು ಹಾದುಹೋಗುತ್ತಾರೆ, ನಿಲ್ಲುವವರು ಕಡಿಮೆ. ನಾಲ್ಕು ವರ್ಷ ಒಂದೇ ವಿಷಯಕ್ಕೆ ಅಂಟಿಕೊಂಡು ಕೆಲಸ ಮಾಡಿದ ಆ ಹುಡುಗಿಗೆ ಯಾರಾದರೂ ಕೇಳಲಿ ಎಂಬ ಹಸಿವಿರುತ್ತದೆ. ತಾವು ಹೋಗಿ ನಿಲ್ಲಿ. ಹಾಳೆಯ ಮೇಲಿನ ಇಂಗ್ಲಿಷನ್ನು ಓದುವ ಗೋಜಿಗೇ ಹೋಗಬೇಡಿ. 'ಏನನ್ನು ಅಳೆದೆಯಮ್ಮಾ? ಯಾವುದರಿಂದ ಅಳೆದೆ? ಎಷ್ಟು ಸಲ? ಎಲ್ಲಿ ಕೈಕೊಟ್ಟಿತು?' ಎಂದು ಕನ್ನಡದಲ್ಲೇ ಕೇಳಿ. ಕೊನೆಯ ಪ್ರಶ್ನೆಗೆ ಮುಖ ಅರಳುತ್ತದೆ. ಕೈಕೊಟ್ಟ ಪ್ರಯೋಗಗಳ ಕಥೆ ಪ್ರಬಂಧದಲ್ಲಿ ಅಚ್ಚಾಗುವುದಿಲ್ಲ, ಹೇಳಿಕೊಳ್ಳಲು ಕಿವಿ ಸಿಗುವುದೂ ಅಪರೂಪ. ವೇದಿಕೆಯ ಮೇಲೆ ಕನ್ನಡಕ್ಕೆ ಹೊರಳಲು ಹಿಂಜರಿಯುವ ಅದೇ ವಿದ್ಯಾರ್ಥಿ, ಹಲಗೆಯ ಪಕ್ಕದಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಾನೆ. ಅವನ ಊರೂ ಹಾವೇರಿಯೋ ಹಿರೇಕೆರೂರೋ ಆಗಿರಬಹುದು.

ಹಾಗಾಗಿ ಸಂಕಿರಣಕ್ಕೆ ಹೋಗುವುದಿದ್ದರೆ ಉದ್ಘಾಟನೆ ಮುಗಿದ ಮೇಲೆ ಹೋಗಿ. ದೀಪವನ್ನು ತಾವು ನೋಡಲಿಲ್ಲವೆಂದು ಯಾರೂ ಬೇಸರಿಸುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಇನ್ನೊಂದು ಬಗೆಯ ಸೂಚನೆ ಬರುತ್ತದೆ, ಅದನ್ನು ಓದುಗರು ಹಾರಿಸಿಬಿಡುತ್ತಾರೆ. ಪಿಎಚ್.ಡಿ. ಪದವಿಯ ಮುಕ್ತ ಮೌಖಿಕ ಪರೀಕ್ಷೆ. ಮಹಾಪ್ರಬಂಧ ಬರೆದವರು ಅದನ್ನು ಹೊರಗಿನ ಪರೀಕ್ಷಕರ ಎದುರು, ವಿಭಾಗದ ಅಧ್ಯಾಪಕರು, ಉಳಿದ ಸಂಶೋಧಕರು, ವಿಷಯದಲ್ಲಿ ಆಸಕ್ತಿಯುಳ್ಳವರು ಕುಳಿತಿರುವಾಗ ಸಮರ್ಥಿಸಿಕೊಳ್ಳಬೇಕು. ವಿಭಾಗಕ್ಕೆ ಮೊದಲೇ ಒಂದು ಮಾತು ತಿಳಿಸಿ ಅನುಮತಿ ಕೇಳಿದರೆ ಹಿಂದಿನ ಸಾಲಿನಲ್ಲಿ ಜಾಗ ಸಿಗಬಹುದು. ಇಲ್ಲಿ ಶಾಲು ಹೊದಿಸುವುದು ಇದ್ದರೂ ಕೊನೆಗೆ. ಮೊದಲು ಅಭ್ಯರ್ಥಿ ತನ್ನ ಕೆಲಸವನ್ನು ಹೇಳಬೇಕು, ಆಮೇಲೆ ಪ್ರಶ್ನೆ. 'ಈ ತೀರ್ಮಾನಕ್ಕೆ ಬೇರೆ ಕಾರಣ ಇರಲಾರದು ಎಂದು ಹೇಗೆ ಹೇಳುತ್ತೀರಿ?' ಎಂದು ಪರೀಕ್ಷಕರು ಕೇಳಿದಾಗ ಅಭ್ಯರ್ಥಿ ಬೆವರುವುದನ್ನು, ನೀರು ಕುಡಿಯುವುದನ್ನು, ಆಮೇಲೆ ಒಂದು ನಕ್ಷೆಯನ್ನು ಹುಡುಕಿ ತೆಗೆದು ಉತ್ತರ ಕಟ್ಟುವುದನ್ನು ನೋಡಬೇಕು. ವಿಷಯ ಪೂರ್ತಿ ತಿಳಿಯದಿದ್ದರೂ, ಒಂದು ಮಾತು ವಿಜ್ಞಾನದಲ್ಲಿ ಹೇಗೆ ನಿಲ್ಲುತ್ತದೆ, ಹೇಗೆ ಬೀಳುತ್ತದೆ ಎಂಬುದು ತಿಳಿಯುತ್ತದೆ. ಮೌಖಿಕ ಪರೀಕ್ಷೆಗಳೆಲ್ಲ ಹೀಗೇ ಎಂದು ನಾನು ಹೇಳಲಾರೆ. ಕೆಲವು ಕಡೆ ಪರೀಕ್ಷಕರೇ ಅಭ್ಯರ್ಥಿಯ ಪರವಾಗಿ ಉತ್ತರ ಹೇಳಿ ಮುಗಿಸುವುದೂ ಉಂಟು. ಜೀವನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿದ ತಮಗೆ ಎರಡರ ನಡುವಿನ ವ್ಯತ್ಯಾಸ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ತಮಗೆ ತೀರ ಹತ್ತಿರದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಹಿಂಗಾರಿ ಬಿತ್ತನೆಗೆ ಮೊದಲು ನಡೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು, ಅದರ ಜಿಕೆವಿಕೆ ಆವರಣದಲ್ಲಿ, ನವೆಂಬರಿನಲ್ಲಿ. ಇದನ್ನು ಜಾತ್ರೆ ಎಂದು ಮೂಗು ಮುರಿಯುವ ಪ್ರಾಧ್ಯಾಪಕರಿದ್ದಾರೆ. ನನ್ನ ಮಟ್ಟಿಗೆ, ಈ ನಾಡಿನಲ್ಲಿ ವಿಶ್ವವಿದ್ಯಾಲಯವೊಂದು ತನ್ನ ಸಂಶೋಧನೆಯನ್ನು ಅದಕ್ಕೆ ದುಡ್ಡು ಕೊಟ್ಟ ಜನರ ಮುಂದೆ ಬಯಲಿನಲ್ಲಿ ಇಟ್ಟು ತೋರಿಸುವ ಅತಿ ದೊಡ್ಡ ಏರ್ಪಾಡು ಇದೇ. ಮಳಿಗೆಗಳ ಸಾಲಿನಲ್ಲಿ ಹೊತ್ತು ಕಳೆಯಬೇಡಿ. ಅಲ್ಲಿ ಪಂಪ್‌ಸೆಟ್‌ನಿಂದ ಉಪ್ಪಿನಕಾಯಿವರೆಗೆ ಎಲ್ಲವೂ ಮಾರಾಟಕ್ಕಿರುತ್ತದೆ. ನೇರವಾಗಿ ಪ್ರಾತ್ಯಕ್ಷಿಕೆ ತಾಕುಗಳಿಗೆ ನಡೆಯಿರಿ. ಒಂದೊಂದು ಬೆಳೆಯ ಬೇರೆ ಬೇರೆ ತಳಿಗಳನ್ನು ಅಕ್ಕಪಕ್ಕ ಬೆಳೆಸಿ, ಹೆಸರಿನ ಫಲಕ ನೆಟ್ಟು, ಪಕ್ಕದಲ್ಲಿ ಒಬ್ಬ ವಿಜ್ಞಾನಿಯನ್ನೋ ವಿದ್ಯಾರ್ಥಿಯನ್ನೋ ನಿಲ್ಲಿಸಿರುತ್ತಾರೆ. ಬಿಳಿ ಟೋಪಿಯ ರೈತರೊಬ್ಬರು ಬಗ್ಗಿ ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಕಾಳು ಎಣಿಸಿ, 'ಫಲಕದ ಮೇಲೆ ಬರೆದಷ್ಟು ಇಳುವರಿ ನಮ್ಮ ಮಸಾರಿ ಹೊಲದಲ್ಲಿ ಬರುತ್ತದೆಯೇ?' ಎಂದು ಕೇಳುತ್ತಾರೆ. ಆ ವಿಜ್ಞಾನಿ ನುಣುಚಿಕೊಳ್ಳುವಂತಿಲ್ಲ, ಹಿಂದೆ ಇನ್ನೂ ಹತ್ತು ಜನ ಅದೇ ಉತ್ತರಕ್ಕೆ ನಿಂತಿರುತ್ತಾರೆ. ತಾವೂ ಒಂದು ಮಾತು ನೆನಪಿಡಿ: ಮೇಳದ ತಾಕಿಗೆ ನೀರು, ಗೊಬ್ಬರ, ಆಳು ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಕ್ಕಿರುತ್ತದೆ. ಎರಡು ವಾರ ಮಳೆ ಕೈಕೊಟ್ಟರೆ ಈ ಬೆಳೆ ಏನಾಗುತ್ತದೆ ಎಂಬುದನ್ನೇ ಕೇಳಬೇಕು.

ಮೊಮ್ಮಗಳಿಗೆ ಹತ್ತಿಯ ತಾಕು ತೋರಿಸಿ. 1972ರಲ್ಲಿ ಹೊರಬಂದ 'ವರಲಕ್ಷ್ಮಿ' ಹತ್ತಿಯನ್ನು ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ರೂಪಿಸಿದರು. ಹೆಚ್ಚು ಕಾಯಿ ಬಿಡುವ ಒಂದು ಜಾತಿಯನ್ನೂ ನೀಳವಾದ ನಯದ ಎಳೆ ಕೊಡುವ ಇನ್ನೊಂದು ಜಾತಿಯನ್ನೂ ಕೂಡಿಸಿ ಮಾಡಿದ ತಳಿ ಅದು. ಎರಡು ಬೇರೆ ಜಾತಿಗಳ ನಡುವಿನ ಹತ್ತಿ ಸಂಕರ ರೈತರ ಹೊಲಕ್ಕೆ ಇಳಿದದ್ದು ಅದೇ ಮೊದಲು. ಆಮೇಲೆ ಬಂದ ಡಿಸಿಎಚ್-32, ಅಂದರೆ 'ಜಯಲಕ್ಷ್ಮಿ', ಕೂಡ ಧಾರವಾಡದ್ದೇ. ಈ ಕಥೆಯ ಉಳಿದರ್ಧ ತಮ್ಮ ರಾಣೇಬೆನ್ನೂರಿನಲ್ಲಿದೆ. ಸಂಕರ ಬೀಜವನ್ನು ರೈತ ತನ್ನ ಬೆಳೆಯಿಂದ ತೆಗೆದಿಟ್ಟುಕೊಳ್ಳಲಾಗದು, ಪ್ರತಿ ಸಲವೂ ಹೊಸದಾಗಿ ಹುಟ್ಟಿಸಬೇಕು. ತಮ್ಮ ಸುತ್ತಲಿನ ಊರುಗಳು ಬೀಜೋತ್ಪಾದನೆಗೆ ಹೆಸರಾದದ್ದು ಹಾಗೆ. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಹುಡುಕಿ, ಹೆಬ್ಬೆರಳ ಉಗುರಿನಿಂದ ದಳವನ್ನೂ ಗಂಡುಕೇಸರವನ್ನೂ ಹೂವಿನ ಹೆಣ್ಣುಭಾಗವಾದ ಶಲಾಕೆಗೆ ಗಾಯವಾಗದಂತೆ ಬಿಡಿಸಿ, ಕಾಗದದ ಟೊಪ್ಪಿಗೆ ಹಾಕಿ, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವಿನ ಪರಾಗವನ್ನು ಅದಕ್ಕೆ ಸವರುವ ಕೆಲಸ ಅದು. ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ಹೆಣ್ಣುಮಕ್ಕಳು. ತಮ್ಮ ತರಗತಿಯಲ್ಲಿ ಹಂಗಾಮಿನ ತಿಂಗಳುಗಳಲ್ಲಿ ಕೆಲವರ ಹಾಜರಿ ಏಕೆ ಬೀಳುತ್ತಿತ್ತು ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದ್ದೀತು. ವಿಶ್ವವಿದ್ಯಾಲಯದ ಸಂಶೋಧನೆ ತಮ್ಮ ಊರಿನ ಓಣಿಗೆ ಬಂದು ಎಷ್ಟೋ ಕಾಲವಾಗಿದೆ. 2002ರಲ್ಲಿ ಕುಲಾಂತರಿ ತಳಿಯಾದ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಆ ಹಳೆಯ ತಳಿಗಳ ಪಾಡೇನಾಯಿತು ಎಂದು ಮೊಮ್ಮಗಳು ತಾಕಿನ ಪಕ್ಕ ನಿಂತವರನ್ನೇ ಕೇಳಲಿ.

ಬೆಂಗಳೂರಿಗೆ ಬರುವ ಮನಸ್ಸಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ 'ಓಪನ್ ಡೇ' ಇದೆ. ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ, 1909ರಲ್ಲಿ ಸ್ಥಾಪನೆಯಾದ, ಮೈಸೂರು ಅರಸರು 371 ಎಕರೆ ನೆಲ ಕೊಟ್ಟ ಆ ಸಂಸ್ಥೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚ್‌ನ ಒಂದು ಶನಿವಾರ, ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಟಿಕೆಟ್ ಇಲ್ಲ. ಜನಸಾಗರ ಮಾತ್ರ ಉಂಟು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೂವನ್ನು ಅದ್ದಿ ಪುಡಿಗುಟ್ಟುವುದು, ಉನ್ನತ ವೋಲ್ಟೇಜ್ ಪ್ರಯೋಗಾಲಯದ ಕೃತಕ ಮಿಂಚು, ಇವಕ್ಕೆ ಸಾಲು ಉದ್ದ. ಮಿಂಚು ನೋಡಿ, ಬೇಡ ಎನ್ನುವುದಿಲ್ಲ. ಆದರೆ ಬೆಳಿಗ್ಗೆಯೇ ಬಂದು, ಜನ ಕಡಿಮೆ ಇರುವ ಒಂದೆರಡು ವಿಭಾಗಗಳನ್ನು ಹಿಡಿದು ಅಲ್ಲಿಯೇ ನಿಲ್ಲುವುದು ಲೇಸು. ಎಲ್ಲವನ್ನೂ ನೋಡುತ್ತೇವೆಂದು ಹೊರಟವರು ಸಂಜೆಗೆ ಕಾಲುನೋವು ಹೊತ್ತು ಮರಳುತ್ತಾರೆ.

ರಾಷ್ಟ್ರೀಯ ವಿಜ್ಞಾನ ದಿನದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫೆಬ್ರವರಿ 28ಕ್ಕೆ ನಮಗೆ ರಾಶಿ ರಾಶಿ ಪ್ರಕಟಣೆ ಬರುತ್ತವೆ, ಹೆಚ್ಚಿನವು ರಸಪ್ರಶ್ನೆ ಮತ್ತು ರಂಗೋಲಿ ಸ್ಪರ್ಧೆ. 1928ರ ಆ ದಿನ ಕೋಲ್ಕತ್ತದಲ್ಲಿ ಸಿ. ವಿ. ರಾಮನ್ ಕಂಡುಕೊಂಡದ್ದು ಬಲು ಸೂಕ್ಷ್ಮವಾದ ಸಂಗತಿ. ಅಣುಗಳಿಗೆ ತಾಗಿ ಚದುರಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಕೋಟಿಗೊಂದು ಪಾಲು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಅದನ್ನು ಮೊದಲು ಹಿಡಿದದ್ದು ಸೂರ್ಯನ ಬೆಳಕು, ಬಣ್ಣದ ಸೋಸುಗಾಜು, ಮತ್ತು ಕಣ್ಣಿನಿಂದ. ಇವತ್ತು ಆ ಪರಿಣಾಮವನ್ನು ಬಳಸಿ ವಸ್ತುಗಳನ್ನು ಗುರುತಿಸುವ ಉಪಕರಣಗಳು ವಿಶ್ವವಿದ್ಯಾಲಯಗಳಲ್ಲಿವೆ. ರಂಗೋಲಿಯ ಬದಲು ಆ ಕೋಣೆಯ ಬೀಗ ತೆಗೆದು ಊರಿನ ಮಕ್ಕಳಿಗೆ ಅದನ್ನು ನಡೆಸಿ ತೋರಿಸಿದ್ದರೆ ನಾವು ಇಡೀ ಪುಟ ಕೊಡುತ್ತಿದ್ದೆವು.

ಇಂಗ್ಲಿಷಿನ ಬಗೆಗಿನ ತಮ್ಮ ದೂರು ನನ್ನದೂ ಹೌದು. ಸಂಶೋಧಕರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಚರ್ಚಿಸಲಿ, ಅದರಲ್ಲಿ ತಕರಾರಿಲ್ಲ. 'ಸಾರ್ವಜನಿಕ ಉಪನ್ಯಾಸ' ಎಂದು ಕರೆದು ಊರವರನ್ನು ಕೂರಿಸಿ ಹಾಗೆ ಮಾಡುವುದು ಅತಿಥಿಗೆ ಮಾಡುವ ಅವಮಾನ. ಕನ್ನಡದಲ್ಲಿ ಆಗುವುದಿಲ್ಲ ಎಂಬ ನೆಪ ನಡೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಗೆಳೆಯರೊಂದಿಗೆ ಕನ್ನಡದಲ್ಲಿ ಹೊರಡಿಸಿದ್ದು 1918ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಪ್ರಚಾರೋಪನ್ಯಾಸ ಮಾಲೆಯಲ್ಲಿ ಊರೂರಿಗೆ ಹೋಗಿ ವಿಜ್ಞಾನವನ್ನೂ ಸೇರಿಸಿ ಹಲವು ವಿಷಯಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು, ಆ ಮಾತುಗಳು ಅಗ್ಗದ ಪುಸ್ತಿಕೆಗಳಾಗಿ ಅಚ್ಚಾಗುತ್ತಿದ್ದವು. ಆಗ ವಿಶ್ವವಿದ್ಯಾಲಯವೇ ಬಸ್ಸು ಹತ್ತಿ ಊರಿಗೆ ಬರುತ್ತಿತ್ತು. ಈಗ ತಮ್ಮಂಥವರು ಬಸ್ಸು ಹತ್ತಿ ಬಂದರೂ ಬಾಗಿಲಲ್ಲಿ ಮಾತಾಡಿಸುವವರಿಲ್ಲ.

ನಮ್ಮ ಕಡೆಯಿಂದ ಮಾಡುವುದು ಇಷ್ಟು. ಮುಂದಿನ ಸಂಚಿಕೆಯಿಂದ ಪಟ್ಟಿಯ ಪ್ರತಿ ಕಾರ್ಯಕ್ರಮದ ಜೊತೆ ಹೊರಗಿನವರಿಗೆ ಪ್ರವೇಶವಿದೆಯೇ, ಮೊದಲೇ ಹೆಸರು ನೋಂದಾಯಿಸಬೇಕೇ, ಮಾತು ಯಾವ ಭಾಷೆಯಲ್ಲಿ, ಪ್ರಶ್ನೆಗೆ ಸಮಯ ಇಟ್ಟಿದ್ದಾರೆಯೇ ಎಂಬುದನ್ನೂ ಕೊಡುತ್ತೇವೆ. ತಿಳಿಸದ ವಿಭಾಗಗಳಿಗೆ ನಾವೇ ಫೋನ್ ಮಾಡಿ ಕೇಳುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಕೈಸೇರುವ ಆಮಂತ್ರಣಗಳನ್ನು, ಅದರಲ್ಲಿ ಎಷ್ಟೇ ದೊಡ್ಡವರ ಹೆಸರಿದ್ದರೂ, ಅಚ್ಚು ಹಾಕುವುದಿಲ್ಲ.

ತಾವು ಮೊಮ್ಮಗಳೊಂದಿಗೆ ಧಾರವಾಡದ ಮೇಳಕ್ಕೆ ಹೋಗಿಬನ್ನಿ. ಮಂತ್ರಿಗಳು ಬರುವ ದಿನ ವಾಹನಗಳ ಕಾಟ ಹೆಚ್ಚು, ಬೇರೆ ದಿನ ಬೆಳಿಗ್ಗೆ ಹೋದರೆ ತಾಕಿನ ಹತ್ತಿರ ಮಾತಾಡಲು ಪುರುಸೊತ್ತಿರುತ್ತದೆ. ಅವಳು ಕೇಳಿದ ಪ್ರಶ್ನೆ, ಅವರು ಹೇಳಿದ ಉತ್ತರ, ಎರಡನ್ನೂ ಅವಳೇ ಬರೆದು ಕಳಿಸಲಿ, ಪ್ರಕಟಿಸುತ್ತೇವೆ. ಉತ್ತರ ಸಿಗದ ಪ್ರಶ್ನೆಗಳಿದ್ದರೆ ಅವನ್ನು ಬಿಡದೆ ಕಳಿಸಲಿ. ಯಾರನ್ನು ಕೇಳಬೇಕೋ ಅವರಿಗೆ ಪತ್ರಿಕೆಯ ಕಾಗದದ ಮೇಲೆ ಬರೆದು ಕೇಳುತ್ತೇವೆ.

— ಸಂಪಾದಕ