ಬಿಪಿ ಮಾತ್ರೆಯಿಂದ ಕಾಲು ಊದಿದರೆ?

ಪ್ರಶ್ನೆ: ನನಗೆ 58 ವರ್ಷ. ಬಿಪಿಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಇತ್ತು, ಎರಡು ತಿಂಗಳ ಹಿಂದೆ 10 ಮಾಡಿದರು. ಈಗ ಸಂಜೆ ಹೊತ್ತಿಗೆ ಎರಡೂ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ. ಬಿಪಿ 126/80 ಇದೆಯಲ್ಲ, ಮಾತ್ರೆ ಬಿಟ್ಟುಬಿಡಲಾ?
– ಓದುಗರೊಬ್ಬರು, ಹಾಸನ

ಉತ್ತರ: ನೀವೇ ಬಿಡಬೇಡಿ. ಬಿಪಿ ಹತೋಟಿಯಲ್ಲಿರುವುದು ಮಾತ್ರೆಯಿಂದಲೇ, ಅಲ್ವಾ? ಆಮ್ಲೋಡಿಪಿನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಆಗ ಪಾದದ ಸಣ್ಣ ನಾಳಗಳಿಂದ ನೀರು ಸೋರಿ ಸುತ್ತಲೂ ನಿಲ್ಲುತ್ತದೆ. ಡೋಸ್ ಏರಿದಷ್ಟೂ ಊತ ಜಾಸ್ತಿ, 10ಕ್ಕೆ ಹೋದ ಮೇಲೆ ನಿಮಗೆ ಕಾಣಿಸಿಕೊಂಡಿದ್ದು ಬಹುಶಃ ಇದಕ್ಕೇ. ಮೆಡಿಕಲ್ ಶಾಪಿನಿಂದ ಸುಮ್ನೆ ನೀರಿಳಿಸುವ ಮಾತ್ರೆ ತರಬೇಡಿ, ಈ ಊತಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ. ಡಾಕ್ಟರಿಗೆ ಕಾಲು ತೋರಿಸಿ. ಡೋಸ್ ಇಳಿಸಿ ಜೊತೆಗೆ ಟೆಲ್ಮಿಸಾರ್ಟನ್ ಥರದ ಇನ್ನೊಂದು ಬಿಪಿ ಮಾತ್ರೆ ಕೊಡಬಹುದು, ಆಗ ಊತ ತಗ್ಗುವುದುಂಟು. ಹೃದಯ, ಕಿಡ್ನಿಯನ್ನೂ ಒಮ್ಮೆ ನೋಡುತ್ತಾರೆ. ಒಂದೇ ಕಾಲು ಊದಿ ನೋವಿದ್ದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತೀರಾ? ನೀವು ಬರೆದಿಲ್ಲ, ಆದರೆ ನಮ್ಮಲ್ಲಿ ತುಂಬಾ ಜನ ಕೇಳದೆಯೇ ನುಂಗುತ್ತಾರೆ. ಅದೂ ಮೈಯಲ್ಲಿ ನೀರು ಹಿಡಿದಿಡುತ್ತದೆ, ಬಿಪಿಯನ್ನೂ ಏರಿಸುತ್ತದೆ. ಹೋದಾಗ ಅದನ್ನೂ ಹೇಳಿ.